ಕಸಕ್ಕೆ ಬಿದ್ದ ಎರಡು ಚುಕ್ಕೆಗಳು

ವೀಕ್ಷಣಾಲಯ, ಎರಡನೇ ಮಹಡಿ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರೇ? ಆಗಲೇ ಗಡಿಯಾರ ರಿಪೇರಿಗೆ ಕೂತಿದ್ದೀರಂತೆ, ಚಿಕ್ಕಮ್ಮ ದೂರಿದ್ದಾರೆ. ಈ ಪತ್ರವನ್ನಾದರೂ ಅವರ ಕೈಲಿ ಓದಿಸಿಕೊಳ್ಳಿ. ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಹೇಸಿಗೆ ಹುಟ್ಟಿಬಿಟ್ಟಿದೆ. ಈ ಕೋಣೆ, ಇಲ್ಲಿನ ನೀರು ಟೀ, ಗೋಡೆಗೆ ಅಂಟಿಸಿದ ಆ ಬಣ್ಣದ ನಕ್ಷೆ, ಯಾವುದನ್ನು ಕಂಡರೂ ಮೈ ಉರಿಯುತ್ತದೆ.

ನಮ್ಮ ಕುಬ್ಜ ಗೆಲಾಕ್ಸಿಯ ವಿಷಯ ಹೇಳಿದ್ದೆನಲ್ಲ. ದೊಡ್ಡ ಗೆಲಾಕ್ಸಿಗಳಲ್ಲಿ ಸುರುಳಿ ತೋಳುಗಳು ಅನಿಲವನ್ನು ಒತ್ತಿ ನಕ್ಷತ್ರ ಹುಟ್ಟಲು ನೆರವಾಗುತ್ತವೆ. ಈ ಪುಟ್ಟದಕ್ಕೆ ತೋಳೇ ಇಲ್ಲ. ಹಾಗಾದರೆ ಹುಟ್ಟು ಶುರುವಾಗುವುದು ಹೇಗೆ, ಪಕ್ಕಕ್ಕೆ ಹಬ್ಬುವುದು ಹೇಗೆ? ನಮ್ಮ ಮೇಷ್ಟ್ರ ಪ್ರಕಾರ, ನಡುವೆ ದೊಡ್ಡ ನಕ್ಷತ್ರಗಳು ಸಿಡಿದು ಸುತ್ತಲಿನ ಅನಿಲವನ್ನು ತಳ್ಳಿದವು. ಪೊರಕೆಯ ಮುಂದೆ ಧೂಳು ಸೇರುವಂತೆ ಅದು ಅಂಚಿನಲ್ಲಿ ಗುಡ್ಡೆಯಾಯಿತು. ಅಲ್ಲಿ ಹೊಸವು ಹುಟ್ಟಿ, ಅವೂ ಸಿಡಿದು ಇನ್ನಷ್ಟು ದೂರಕ್ಕೆ ತಳ್ಳಿದವು. ಹಾಗಾಗಿ ನಡುವೆ ಮುದುಕರು, ಅಂಚಿನಲ್ಲಿ ಎಳೆಯರು. ಚೆಂದದ ಕತೆ! ಹೋದ ವಾರ ಹಳೇ ಚಿತ್ರಗಳನ್ನು ಮತ್ತೆ ಅಳೆಯುವಾಗ ಅಂಚಿನಲ್ಲೇ ಎರಡು ನಕ್ಷತ್ರ ಗುಂಪುಗಳು ಸಿಕ್ಕವು, ನಡುವಿನವಕ್ಕಿಂತ ಹಳೆಯವು. ನಕ್ಷತ್ರಗಳ ವಯಸ್ಸು ತೋರಿಸುವ ಗೋಡೆಯ ಆ ನಕ್ಷೆಯಲ್ಲಿ ಅವು ಇಲ್ಲವೇ ಇಲ್ಲ. ಕ್ಯಾಮೆರಾದ ಕಲೆ, ಅಡ್ಡ ಬಂದ ನಕ್ಷತ್ರ ಇಂಥವನ್ನೆಲ್ಲ ಎಸೆಯುವ ಪಟ್ಟಿಗೆ ನಾವು 'ಕಸ' ಎನ್ನುತ್ತೇವೆ. ಎರಡರ ಸಂಖ್ಯೆಗಳೂ ಅದರಲ್ಲಿದ್ದವು. ಮೇಷ್ಟ್ರನ್ನು ಕೇಳಿದರೆ, "ಎರಡು ಚುಕ್ಕೆಗೋಸ್ಕರ ಇಡೀ ಕತೆ ಕೆಡಿಸ್ಕೋತಾರೇನಮ್ಮಾ?" ಎನ್ನುತ್ತ ಟೀಯಲ್ಲಿ ಬಿಸ್ಕತ್ತು ಅದ್ದಿದರು. ಥೂ! ಆರು ವರ್ಷ ಈ ಮನುಷ್ಯನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೆನಲ್ಲ. ಅವರೇ ಬೇಕೆಂದು ಎಸೆದಿದ್ದಾರೆ ಎಂದು ಬೆಳಿಗ್ಗೆ ನಿರ್ದೇಶಕರಿಗೆ ದೂರು ಕೊಟ್ಟುಬಂದೆ. ನಾಳೆ ವಿಚಾರಣೆ. ಅವರ ಕೆಲಸ ಹೋಗಬಹುದು. ಹೋಗಲಿ.

ಚಿಕ್ಕಮ್ಮನಿಗೆ ನಮಸ್ಕಾರ. ಕಣ್ಣಿಗೆ ನೀರು ತಾಗಿಸಬೇಡಿ, ಹಟ ಮಾಡಬೇಡಿ.

ಮೂಗಿನ ತುದಿಯಲ್ಲೇ ಸಿಟ್ಟಿರುವ,
ನಿಮ್ಮ ಮಗಳು

ಮತ್ತೆ ಬರೆದದ್ದು: ನಾಳೆಗೆ ಸಾಕ್ಷಿ ಬೇಕೆಂದು ಕಸದ ಪಟ್ಟಿಯ ಪೂರ್ತಿ ದಾಖಲೆಯನ್ನು ಈಗಷ್ಟೇ ತೆಗೆಸಿದೆ. ಅದರಲ್ಲಿ ಎಸೆದವರ ಹೆಸರು, ತಾರೀಕು, ಕಾರಣ ಎಲ್ಲ ಇರುತ್ತದೆ. ಆ ಎರಡರ ಮುಂದೆ ಇರುವುದು ನನ್ನ ಹೆಸರು, ನಾನು ಸೇರಿದ ವರ್ಷದ ತಾರೀಕು. ಕಾರಣ: 'ಉಳಿದವಕ್ಕೆ ಹೊಂದುವುದಿಲ್ಲ.' ಕೆಳಗೆ ಮೇಷ್ಟ್ರು ಹೋದ ವಾರವೇ 'ನೋಡಿದೆ' ಎಂದು ಸಹಿ ಹಾಕಿದ್ದಾರೆ. ನಿರ್ದೇಶಕರು ಐದಕ್ಕೆ ಹೊರಡುತ್ತಾರೆ, ದೂರು ವಾಪಸು ಪಡೆಯಲು ಓಡುತ್ತಿದ್ದೇನೆ. ಬೆಳಿಗ್ಗೆ ಅವರೆದುರು ಅಷ್ಟು ಕೂಗಾಡಿದೆನಲ್ಲ ಚಿಕ್ಕಪ್ಪಾ, ಮೇಷ್ಟ್ರು ಅಲ್ಲೇ ನಿಂತಿದ್ದರು. ನನ್ನ ಹೆಸರು ಹೇಳಲೇ ಇಲ್ಲ.