ರಜೆಯ ದಿನ ಕೊಟ್ಟ ರಕ್ತ

ಬುಧವಾರ, ಸಂಜೆ

ರೀ,

ಹೀಗೆ ಕರೆದು ಎಷ್ಟೋ ಕಾಲವಾಯಿತು. ಫೋನಿನಲ್ಲಾದರೆ ನೀವು ಹ್ಞೂಂ ಅಂದು ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಹೆದರಬೇಡಿ, ಜಗಳಕ್ಕಲ್ಲ.

ತಲೆನೋವೆಂದು ಆಸ್ಪತ್ರೆಗೆ ಹೋಗಿದ್ದೆ. ಹೊಸದಾಗಿ ಬಂದಿರುವ ಡಾಕ್ಟರಮ್ಮ ತಲೆಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ವಿಚಾರಿಸಿದರು. ಮಕ್ಕಳಿಲ್ಲ, ಕಾರಣವೂ ಗೊತ್ತಿಲ್ಲ ಎಂದೆ. ಪುಣ್ಯಕ್ಕೆ ಅಯ್ಯೋ ಪಾಪ ಅನ್ನಲಿಲ್ಲ. ಹಳೆಯ ರಿಪೋರ್ಟು ನೋಡಿ, ಹಾರ್ಮೋನಿನ ಪರೀಕ್ಷೆಗೆ ರಕ್ತ ಕೊಟ್ಟಿದ್ದು ಯಾವಾಗ ಎಂದು ಕೇಳಿದರು. ನಮ್ಮ ಲಾಂಡ್ರಿಗೆ ರಜೆಯಿದ್ದ ದಿನ ಎಂದೆ. ಅದಲ್ಲ, ಮುಟ್ಟಾಗಿ ಎಷ್ಟನೇ ದಿನ, ದಿನ ತಪ್ಪಿದರೆ ಪರೀಕ್ಷೆಯಲ್ಲಿ ಏನೂ ಸರಿಯಾಗಿ ತಿಳಿಯದು ಎಂದರು. ಆ ಲೆಕ್ಕ ನಾನೆಂದೂ ಇಟ್ಟಿರಲಿಲ್ಲ. ಇಸ್ತ್ರಿ ಬಿಟ್ಟು ಹೋದರೆ ಮಾಲೀಕರು ಮುಖ ಗಂಟು ಹಾಕಿಕೊಳ್ಳುತ್ತಾರೆಂದು ಪ್ರತಿ ಸಲವೂ ವಾರದ ರಜೆಗೇ ಹೋಗುತ್ತಿದ್ದೆವಲ್ಲ. ಮೈಗೇನು ಲಾಂಡ್ರಿಯ ರಜೆ ಗೊತ್ತೇ? ಮುಟ್ಟು ತಪ್ಪದೆ ಬರುತ್ತಿದೆ, ಎಲ್ಲ ಸರಿಯಿದೆ ಎಂದು ಹಳೆಯ ಡಾಕ್ಟರೂ ಸುಮ್ಮನಾಗಿದ್ದರು.

ಈ ಸಲ ಮಾಲೀಕರ ಹತ್ತಿರ ರಜೆ ಕೇಳಿಯೇ ಹೋದೆ. ಹೇಳಿದ ದಿನವೇ ರಕ್ತ ಕೊಟ್ಟೆ, ಕರೆದಾಗಲೆಲ್ಲ ಸ್ಕ್ಯಾನಿಗೆ ಹೋದೆ. ಕೊನೆಗೆ ಡಾಕ್ಟರಮ್ಮ ಹೇಳಿದರು: "ಮುಟ್ಟು ಬರುತ್ತೆ ನಿಜ, ಆದ್ರೆ ಅಂಡಾಣು ಹೊರಗೆ ಬರ್ತಾನೇ ಇಲ್ಲಮ್ಮ. ಒಂದು ಹಾರ್ಮೋನು ಜಾಸ್ತಿಯಾಗಿ ತಡೀತಾ ಇದೆ. ಮಾತ್ರೆಗೆ ಬಗ್ಗೋ ಅಂಥದ್ದೇ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಕಾಯಿಲೆಗಾಗಿ ಅಲ್ಲ. ಇಷ್ಟು ದೊಡ್ಡ ಸುದ್ದಿ ಸಿಕ್ಕಿದೆ, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಾರಣ ಸಿಗದಿದ್ದಾಗ ನಾವು ಅದನ್ನು ಒಬ್ಬರಲ್ಲೊಬ್ಬರು ಹುಡುಕಿದೆವು. ನಿಮಗೆ ನನ್ನ ಮೇಲೆ ಮನಸ್ಸಿಲ್ಲ ಎಂದುಕೊಂಡೆ. ನನಗೆ ಮಗುವೇ ಬೇಕಾಗಿಲ್ಲ ಎಂದು ನೀವು ನಂಬಿದಿರಿ. ಗಡಿಯಾರ ರಿಪೇರಿಗೆ ಆ ಊರಿನಲ್ಲಿ ಹೆಚ್ಚು ಗಿರಾಕಿಗಳಿದ್ದಾರೆಂದು ಹೇಳಿ ನೀವು ಹೊರಟಾಗ ನಾನೂ ತಡೆಯಲಿಲ್ಲ. ಈಗ ಒಬ್ಬಳಿಗೇ ಅಡುಗೆ ಮಾಡಿ, ಒಲೆಯ ಹತ್ತಿರವೇ ನಿಂತು ಉಂಡು ಮಲಗುತ್ತೇನೆ. ಮನೆಯಲ್ಲಿ ಮಾತೇ ಇಲ್ಲ.

ತಿಳಿಸಬೇಕಿತ್ತು, ತಿಳಿಸಿದೆ. ನೀವು ಬರಲೇಬೇಕೆಂದೇನಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೊತ್ತುಗೊತ್ತಿಲ್ಲದೆ ಕೂರಬೇಡಿ, ಊಟ ಬಿಡಬೇಡಿ.

ಇಂತಿ,
ಇನ್ನೂ ನಿಮ್ಮವಳೇ

ತಾ.ಕ.: ಮುಂದಿನ ಸಲ ನಿಮ್ಮ ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದರು ಡಾಕ್ಟರಮ್ಮ. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ, ಈ ವಾರ ಬಂದುಬಿಡುತ್ತಾರೆ ಎಂದೆ. ನನ್ನ ಮಾತನ್ನು ಸುಳ್ಳು ಮಾಡಬೇಡಿ.