ಸೋಮವಾರ ಮೀನಿಗೂ ರಜೆ

ಬುಕ್ಕಾಪಟ್ಟಣ
17-11-2025, ಸೋಮವಾರ

ಭವ್ಯಳ ಅಪ್ಪನಿಗೆ ರಾಧಾಮಣಿ ಮಾಡುವ ನಮಸ್ಕಾರ.

ಕಾಲಿನ ಮುಳ್ಳಿನ ಗಾಯ ಮಾಯಿತೇ? ಕುರಿಗಳೆಲ್ಲ ಕ್ಷೇಮವೇ? ನಿಮ್ಮ ಫೋನು ಸತ್ತು ಎಂಟು ದಿನವಾಯಿತು. ಮಂದೆಗೆ ಔಷಧಿ ತರುವ ರಂಗರಾಜು ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ, ಅಷ್ಟು ಕೋಪ ಬಂದಿದೆ.

ಮಾವನ ಎಡಗಣ್ಣು ಹೋಯಿತು, ಬಲಗಣ್ಣಿಗೂ ಹೆಚ್ಚೆಂದರೆ ಎರಡು ತಿಂಗಳು ಎಂದು ಡಾಕ್ಟರು ಹೇಳಿದ್ದು ನಿಮಗೆ ಗೊತ್ತು. ಆ ಜೀವ ಕೇಳಿದ್ದೇನು? “ಸಮುದ್ರವಂತೂ ನೋಡ್ಲಿಲ್ಲ, ಅದ್ರ ಮೀನಾದ್ರೂ ನೋಡ್ಬುಡ್ತೀನಿ ಕಣಮ್ಮ.” ಅಷ್ಟೇ. ಬೆಂಗಳೂರಿನ ಮತ್ಸ್ಯಾಲಯಕ್ಕೆ ಸೋಮವಾರ ಹೋಗಿ, ಎತ್ತಿಗೆ ನೊಗ ಹಾಕದ ದಿನ, ಯಾರಿಗೂ ಕೆಲಸವಿರುವುದಿಲ್ಲ ಎಂದವರು ನೀವು. ನನಗಾದರೂ ಬುದ್ಧಿ ಬೇಡವೇ? ಹೋದ ಸೋಮವಾರ ಕೋಳಿ ಕೂಗುವ ಮೊದಲೇ ಎದ್ದು, ಮೀನಿಗೆ ಹಾಕಲೆಂದು ಮಾವ ಒಂದು ಸೇರು ಪುರಿ ಕಟ್ಟಿಕೊಂಡು, ಶಿರಾದಲ್ಲಿ ಬಸ್ಸು ಬದಲಿಸಿ ಹೋದರೆ ಗೇಟಿಗೆ ಬೀಗ. ಸೋಮವಾರ ಅಲ್ಲೂ ರಜೆಯಂತೆ. ಮಾವ ಬೀಗ ಮುಟ್ಟಿ ನೋಡಿ, “ಮೀನೂ ನೊಗ ಹೊರ್ತವೇನಮ್ಮ?” ಎಂದು ನಕ್ಕರು. ನನಗೆ ಅಳು ಬಂತು. ಪುರಿಯನ್ನು ವಾಪಸು ಬರುವಾಗ ಭವ್ಯ ತಿಂದು ಮುಗಿಸಿದಳು.

ಮರುದಿನವೇ ಹೋಗೋಣವೆಂದರೆ ನಿಮ್ಮ ಅವ್ವ ಬಾಗಿಲಿಗೇ ಅಡ್ಡ. “ಮಂಗ್ಳವಾರ ಈ ಮನೆಯಿಂದ ಯಾರೂ ಕದಲಂಗಿಲ್ಲ.” ಬುಧವಾರ ಕಡಲೆಕಾಯಿ ಬಿಡಿಸುವ ಆಳುಗಳು ಬಂದರು, ಗುರುವಾರ ಭವ್ಯಳ ಪರೀಕ್ಷೆ, ಶುಕ್ರವಾರ ಮತ್ತೆ ಅವ್ವನದೇ ತಕರಾರು. ಶನಿವಾರ ಹೊರಟು ನಿಂತಾಗ ಬೆಕ್ಕು ಅಡ್ಡ ಬಂತು, ಭಾನುವಾರ ನೆಂಟರು ಬಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಣ್ಣಿನ ಸಂಗತಿ ಅತ್ತೆಗೆ ಹೇಳಬಾರದೆಂದು ಮಾವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಹಾಗಾಗಿ ಅವರಿಗೆ ಇದು ಬರೀ “ಮುದುಕನ ಮೀನಿನ ಹುಚ್ಚು”. ಮಗನ ಮಾತಾದರೆ ಕೇಳುತ್ತಾರೆ. ಯಾವ ವಾರವಾದರೂ ಸರಿ, ಕಳಿಸು ಎಂದು ರಂಗರಾಜು ಕೈಯಲ್ಲಿ ಒಂದು ಮಾತು ಹೇಳಿಕಳಿಸಿ.

ಬಿಸಿಲಿಗೆ ತಲೆವಸ್ತ್ರ ಮರೆಯಬೇಡಿ. ಭವ್ಯ ಅಪ್ಪನನ್ನು ದಿನಾ ಕೇಳುತ್ತಾಳೆ.

ನಿಮ್ಮವಳು,
ರಾಧಾಮಣಿ

ಮತ್ತೊಂದು ಮಾತು: ರಂಗರಾಜು ಗಾಡಿ ಸ್ಟಾರ್ಟ್ ಮಾಡಿದ್ದಾನೆ. ಈಗ ತಾನೇ ಮಾವ ಹಿತ್ತಲಿಗೆ ಹೊರಟವರು ನನ್ನ ಹಸಿರು ಚಪ್ಪಲಿಯನ್ನು ತಮ್ಮದೆಂದು ಮೆಟ್ಟಿಕೊಂಡರು. ಅತ್ತೆ ನೋಡಿಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಮಾವನ ಚಪ್ಪಲಿ ಹುಡುಕಿ ತಂದು, ಬಗ್ಗಿ ತಾವೇ ಅವರ ಕಾಲಿಗೆ ತೊಡಿಸಿದರು. ಆಮೇಲೆ ಒಳಗೆ ಹೋಗಿ ಪುರಿ ಕಟ್ಟಿ ತಂದು ನನ್ನ ಕೈಗಿಟ್ಟು, “ಬೆಳಿಗ್ಗೆ ಮೊದ್ಲ ಬಸ್ಸಿಗೇ ಕರ್ಕೊಂಡೋಗು,” ಅಂದರು. ನೀವು ಏನೂ ಹೇಳಿಕಳಿಸುವುದು ಬೇಡ. ನಾಳೆ ಮಂಗಳವಾರ.