ಚಿಕ್ಕ ಆಮೆಯ ಪಾಲಿನ ಬಿಸಿಲು

ಜೂನ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಹೇಗಿದ್ದೀಯಾ? ನಿನ್ನ ಕಾಗದ ಬಂದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಶಾಲೆ ಶುರುವಾಗುವ ಕಾಲ; ಅರವತ್ತು ಲಂಗಗಳಿಗೆ ನೆರಿಗೆ ಹಿಡಿದು ಹಿಡಿದು ಕನಸಿನಲ್ಲೂ ನೆರಿಗೆಯೇ ಕಾಣುತ್ತಿತ್ತು. ಇವತ್ತು ಹೊಲಿಗೆ ಯಂತ್ರಕ್ಕೆ ರಜೆ ಕೊಟ್ಟಿದ್ದೇನೆ.

ಆಮೆಗಳು ಹೇಗಿವೆ ಎಂದು ಕೇಳಿದ್ದೆಯಲ್ಲ. ನಮ್ಮ ದೊಡ್ಡ ಆಮೆ ದೊರೆ ಒಂಟಿಯೆಂದು ಕರುಳು ಚುರುಕ್ಕೆಂದು ಹೋದ ವರ್ಷ ಇನ್ನೊಂದು ಮರಿ ತಂದು, ಬಟನ್ ಎಂದು ಹೆಸರಿಟ್ಟು, ಅದೇ ಪೆಟ್ಟಿಗೆಗೆ ಬಿಟ್ಟಿದ್ದೆ. ಎಷ್ಟು ಚೆಂದವಿತ್ತು ಗೊತ್ತಾ! ಬಿಸಿಲು ಸರಿದ ಕಡೆಗೆ ಎರಡೂ ಸರಿಯುತ್ತಿದ್ದವು. ಬಟನ್ ಎಲ್ಲಿ ಹೋದರೂ ದೊರೆ ಬೆನ್ನ ಹಿಂದೆ. ಕೊನೆಗೆ ಅದರ ಮೇಲೆಯೇ ಹತ್ತಿ ನಿದ್ದೆ. ಪೆಡಲ್ ತುಳಿಯುತ್ತ, ಅರೆಗಣ್ಣಿನಲ್ಲಿ ನೋಡುತ್ತ ನೋಡುತ್ತ ನಾನೂ ಎಲ್ಲೋ ನೀರಿನ ಮೇಲೆ ತೇಲಿದಂತಾಗುತ್ತಿತ್ತು. ಬಟನ್ ಒಮ್ಮೊಮ್ಮೆ ಮೂಲೆ ಸೇರುತ್ತಿತ್ತು. ‘ಇದಕ್ಕೇನಪ್ಪಾ ಇಷ್ಟು ನಾಚಿಕೆ’ ಎಂದು ನಾನೇ ಎತ್ತಿ ತಂದು ದೊರೆಯ ಪಕ್ಕ ಇಡುತ್ತಿದ್ದೆ.

ಆಮೇಲೆ ಬಟನ್ ಸೊಪ್ಪು ಮುಟ್ಟುವುದನ್ನೇ ಬಿಟ್ಟಿತು. ಪಶುವೈದ್ಯೆ ಅದರ ಹಿಂಗಾಲಿನ ಗಾಯ ತೋರಿಸಿ, “ಇದು ಪ್ರೀತಿ ಅಲ್ಲಮ್ಮಾ, ದಬ್ಬಾಳಿಕೆ. ಬೆನ್ನಟ್ಟಿ ಕಚ್ಚುತ್ತೆ, ಮೇಲೆ ಹತ್ತಿ ಬಿಸಿಲು ತಪ್ಪಿಸುತ್ತೆ. ಆಮೆಗೆ ಜೊತೆ ಬೇಕೂಂತ ನಿಮಗೆ ಯಾರು ಹೇಳಿದ್ರು?” ಅಂದಳು.

“ಒಂದು ದಿನಾನೂ ಕೂಗಲಿಲ್ವಲ್ಲ ಡಾಕ್ಟ್ರೇ!”

“ಅದಕ್ಕೆ ಕೂಗೋಕೆ ಎಲ್ಲಿ ಬರುತ್ತೆ? ಮೂಲೆಗೆ ಹೋಗ್ತಿತ್ತಲ್ಲ, ಅದೇ ಅದರ ಮಾತು. ಇವತ್ತೇ ಬೇರೆ ಇಡಿ.”

ಕಣ್ಣಿದ್ದೂ ಕುರುಡಿಯಾಗಿದ್ದೆ ಮಗಳೇ. ಬಸ್ಸಿನಲ್ಲಿ ಅದಿದ್ದ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಟಿಕೆಟ್ ಕೊಡುವವನು ಬ್ಯಾಗಿನಲ್ಲಿ ಏನಿದೆ ಎಂದು ಕೇಳಲೂ ಹೆದರಿದ.

ನಡುವೆ ಹಲಗೆ ಇಟ್ಟರೆ ಸಾಲದಂತೆ, ದೊರೆ ಕಣ್ಣಿಗೆ ಬಿದ್ದರೂ ಅದಕ್ಕೆ ಭಯವಂತೆ. ಅದಕ್ಕೇ ಬಟನ್ ಈಗ ನನ್ನ ಕೋಣೆಯ ಕಿಟಕಿಯ ಕೆಳಗಿದೆ. ನಾಲ್ಕನೆಯ ದಿನ ಕತ್ತು ಉದ್ದ ಮಾಡಿ ಒಂದು ಎಲೆ ಕಚ್ಚಿತು. ನಾನು ಹೊಲಿಗೆ ನಿಲ್ಲಿಸಿ, ಅದು ತಿಂದು ಮುಗಿಸುವವರೆಗೂ ಉಸಿರು ಹಿಡಿದು ನೋಡಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ತಣ್ಣಗೆ ಬಾಳು.

ನಿನ್ನ
ಅಮ್ಮ

ಮತ್ತೆ: ಮಡಿಸಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಅಕ್ಕ ಬಂದಿದ್ದಾಳೆಂದರೆ ನೀನು ಈ ಮನೆಗೆ ಯಾಕೆ ಬರುವುದಿಲ್ಲ ಎಂದು ಇನ್ನು ಕೇಳುವುದಿಲ್ಲ. ಚಿಕ್ಕವಳಿದ್ದಾಗ ನೀನು ಚಾಪೆ ಹೊತ್ತು ಅಡುಗೆಮನೆಗೆ ಬಂದು, “ಇಲ್ಲೇ ಮಲಗ್ತೀನಮ್ಮಾ” ಅನ್ನುತ್ತಿದ್ದೆ. ಅಕ್ಕ ತಂಗಿ ಜೊತೆಗಿರಬೇಕೆಂದು ನಾನೇ ಕೈಹಿಡಿದು ಅವಳ ಕೋಣೆಗೆ ಬಿಟ್ಟು ಬಾಗಿಲೆಳೆದುಕೊಂಡು ಬರುತ್ತಿದ್ದೆ. ನಿನ್ನ ತೋಳಿನ ಮೇಲೆ ಉಗುರಿನ ಗೀರು ಕಂಡಾಗ ನಾನು ಮಾಡಿದ್ದೇನು? ಉದ್ದ ತೋಳಿನ ಅಂಗಿ ಹೊಲಿದುಕೊಟ್ಟೆ.